ಕರಿ ಹೇಂಟೆ ಕಾವಿಗೆ ಕೂತಾಗ

ಊರ ಕೋಳಿ ಕಾವಿಗೆ ಬಂದರೆ ಯಾರೂ ಹೇಳಬೇಕಾಗಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ. ಗೂಡು ಬಿಟ್ಟು ಏಳುವುದೇ ಇಲ್ಲ. ಹತ್ತಿರ ಹೋದರೆ ಗರಿ ಉಬ್ಬಿಸಿ ಗಂಟಲಲ್ಲೇ ಗುರುಗುಟ್ಟುತ್ತದೆ. ಕೈ ಚಾಚಿದರೆ ಕುಕ್ಕುತ್ತದೆ. ಮೇವಿಗೆ ಅಂತ ಹೊರಗೆ ಬಂದಾಗಲೂ ‘ಕ್ಲುಕ್ ಕ್ಲುಕ್’ ಅಂತ ಒಂದೇ ಸಮನೆ ಸದ್ದು ಮಾಡುತ್ತಾ ಓಡಾಡಿ, ನಾಲ್ಕು ಕಾಳು ಹೆಕ್ಕಿ ಮತ್ತೆ ಗೂಡಿಗೇ ಓಡುತ್ತದೆ. ಎತ್ತಿ ನೋಡಿದರೆ ಎದೆ, ಹೊಟ್ಟೆಯ ಗರಿ ಉದುರಿ ಚರ್ಮ ಬಿಸಿಯಾಗಿ ಕೈಗೆ ಹತ್ತುತ್ತದೆ. ಮೊಟ್ಟೆಗೆ ಶಾಖ ಹೋಗುವುದು ಆ ಬರಿ ಚರ್ಮದಿಂದಲೇ.

ನಮ್ಮ ಕರಿ ಹೇಂಟೆ ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹೀಗೆ ಕೂತಿತು. ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಹೊಳೆ ಬದಿಯ ಊರು. ಮನೆ ಹಿಂದೆ ಹೊಳೆಯ ಉಪ್ಪುನೀರು ಹತ್ತುವ ಗಜನಿ ಗದ್ದೆ, ಪಕ್ಕದಲ್ಲಿ ಕೊಟ್ಟಿಗೆ. ಕೋಳಿ ಸಾಕುವುದು ಅತ್ತೆಯ ಕಾಲದಿಂದ ನಡೆದು ಬಂದಿದೆ. ಈಗ ಅವರಿಗೆ ಬಗ್ಗಿ ಗೂಡು ನೋಡಲು ಆಗುವುದಿಲ್ಲ. ಅವರು ಜಗಲಿಯಲ್ಲಿ ಕೂತು ಹೇಳುತ್ತಾರೆ, ನಾನು ಮಾಡುತ್ತೇನೆ. ಪೇಟೆಯಲ್ಲಿ ಮನೆ ಕಟ್ಟಿಕೊಂಡ ನಮ್ಮ ಕಡೆಯವರು ಕೆಲವರು ಈಚೆಗೆ ಎರಡು ಮೂರು ಕೋಳಿ ಇಟ್ಟುಕೊಂಡು, ಮರಿ ಮಾಡಿಸುವುದು ಹೇಗೆ ಅಂತ ಕೇಳುತ್ತಿರುತ್ತಾರೆ. ಅದಕ್ಕೇ ಶುರುವಿಂದ ಬರೆಯುತ್ತಿದ್ದೇನೆ.

ಮೊದಲು ಕಾಲದ ಮಾತು. ನಮ್ಮ ಕರಾವಳಿಯಲ್ಲಿ ಮರಿ ಮಾಡಿಸಲು ಕಾರ್ತಿಕದಿಂದ ಮಾಘದವರೆಗಿನ ದಿನಗಳೇ ಒಳ್ಳೆಯದು. ಮಳೆ ನಿಂತಿರುತ್ತದೆ, ಅಂಗಳ ಒಣಗಿರುತ್ತದೆ, ಗದ್ದೆ ಕೊಯ್ದು ಉದುರಿದ ಕಾಳೂ ಹುಳವೂ ಧಾರಾಳ ಸಿಗುತ್ತವೆ. ಮಳೆಗಾಲದಲ್ಲಿ ಮರಿ ಮಾಡಿಸಿದರೆ ಅರ್ಧಕ್ಕರ್ಧ ಉಳಿಯುವುದಿಲ್ಲ. ಥಂಡಿ ಹಿಡಿಯುತ್ತದೆ, ಒದ್ದೆ ನೆಲದಿಂದ ರಕ್ತಭೇದಿ ಬರುತ್ತದೆ. ಏಪ್ರಿಲ್, ಮೇ ತಿಂಗಳಿನ ಸೆಕೆಯೂ ಆಗಿ ಬರುವುದಿಲ್ಲ. ಕೂಡಿಟ್ಟ ಮೊಟ್ಟೆಯಲ್ಲಿ ಹೇಂಟೆ ಕೂರುವ ಮೊದಲೇ ಅರೆಬರೆ ಬೆಳವಣಿಗೆ ಶುರುವಾಗುತ್ತದೆ. ಆಮೇಲೆ ರಾತ್ರಿಯ ತಂಪಿಗೆ ನಿಂತು ಹೋಗುತ್ತದೆ. ಅಂಥ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಪ್ರಯೋಜನ ಇಲ್ಲ.

ಕರಿ ಹೇಂಟೆ ಕೂತ ಕೂಡಲೇ ಮೊಟ್ಟೆ ಇಡಲು ಅತ್ತೆ ಬಿಡಲಿಲ್ಲ. “ತಂಗಿ, ಅದು ಖರೇ ಕೂತದ್ಯೋ ಇಲ್ವೋ ನೋಡೂಕೆ ಎರಡು ಹಳೇ ಮೊಟ್ಟೆ ಇಡು. ಎರಡು ರಾತ್ರಿ ಕೂತ್ರೆ ಆಮೇಲೆ ನೋಡ್ವಾ” ಅಂದರು. ಕೆಲವು ಹೇಂಟೆ ಹಗಲೆಲ್ಲಾ ಕೂತು ರಾತ್ರಿ ಎದ್ದು ಬೇರೆ ಕೋಳಿಗಳ ಜೊತೆ ಕೋಲಿನ ಮೇಲೆ ಹೋಗಿ ಕೂರುತ್ತವೆ. ಅದನ್ನು ನಂಬಿ ಮೊಟ್ಟೆ ಇಟ್ಟರೆ ಎಲ್ಲ ಹಾಳು. ಇದು ಅಲ್ಲಾಡಲಿಲ್ಲ. ಮೊದಲ ಸಲ ಕಾವಿಗೆ ಕೂರುವ ಪಡ್ಡೆ ಕೋಳಿಗಿಂತ, ಹಿಂದೆ ಮರಿ ಸಾಕಿದ ಇಂಥ ಹೇಂಟೆ ಸಿಕ್ಕರೆ ಅರ್ಧ ಚಿಂತೆ ಕಳೆಯುತ್ತದೆ.

ಮೊಟ್ಟೆ ಆರಿಸುವುದೇ ನಿಜವಾದ ಕೆಲಸ. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಆಗುವುದಿಲ್ಲ. ಅಲ್ಲಿ ಹುಂಜವೇ ಇರುವುದಿಲ್ಲ, ಮರಿ ಬರುವುದು ಎಲ್ಲಿಂದ? ಹುಂಜದ ಜೊತೆ ಓಡಾಡುವ ಹೇಂಟೆಗಳ ಮೊಟ್ಟೆಯೇ ಬೇಕು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮೊಟ್ಟೆ ವಾರದೊಳಗಿನದಾದರೆ ಒಳ್ಳೆಯದು, ಹತ್ತು ದಿನ ದಾಟಬಾರದು. ಫ್ರಿಜ್‌ನಲ್ಲಿ ಇಟ್ಟದ್ದು ಬೇಡ. ಕೊಳೆ ಅಂಟಿದೆ ಅಂತ ತೊಳೆಯಲೂಬಾರದು. ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದ ತೆಳು ಲೇಪ ಇರುತ್ತದೆ. ಅದು ಸಿಪ್ಪೆಯ ಸಣ್ಣ ಸಣ್ಣ ತೂತುಗಳನ್ನು ಮುಚ್ಚಿ ರೋಗ ಒಳಗೆ ಹೋಗದಂತೆ ಕಾಯುತ್ತದೆ. ತೊಳೆದರೆ ಅದು ಹೋಯಿತು. ಕೊಳೆಯಾದ ಮೊಟ್ಟೆಯನ್ನು ತಿನ್ನಲು ಇಟ್ಟುಕೊಂಡು, ಚೊಕ್ಕ ಇದ್ದದ್ದನ್ನೇ ಕಾವಿಗೆ ತೆಗೆದಿಡಬೇಕು. ತೀರಾ ದೊಡ್ಡದು, ತೀರಾ ಸಣ್ಣದು, ಸೊಟ್ಟಗಿನದು ಬೇಡ. ನಾವು ಅಕ್ಕಿ ಡಬ್ಬಿಯೊಳಗೆ ಚೂಪು ತುದಿ ಕೆಳಗೆ ಮಾಡಿ ಹುಗಿದಿಟ್ಟು, ಡಬ್ಬಿಯನ್ನು ಒಲೆಯಿಂದ ದೂರ ತಂಪು ನೆಲದಲ್ಲಿ ಇಡುತ್ತೇವೆ.

ಎಷ್ಟು ಇಡಬೇಕು ಅನ್ನುವುದು ಹೇಂಟೆಯ ಗಾತ್ರದ ಮೇಲೆ. ಊರ ಕೋಳಿಗೆ ಅದರದ್ದೇ ಮೊಟ್ಟೆಯಾದರೆ ಹತ್ತು ಹನ್ನೆರಡು ಹಿಡಿಯುತ್ತದೆ. ಗಿರಿರಾಜ ಅನ್ನುವ ಸುಧಾರಿತ ತಳಿಯ ದೊಡ್ಡ ಮೊಟ್ಟೆಯಾದರೆ ಎಂಟು ಸಾಕು. ಹೊಟ್ಟೆಯಡಿ ಮುಚ್ಚದೆ ಅಂಚಿಗೆ ಉಳಿದ ಮೊಟ್ಟೆ ತಂಪಾಗುತ್ತದೆ. ಹೇಂಟೆ ಮೊಟ್ಟೆಗಳನ್ನು ತಿರುಗಿಸುತ್ತಾ ಇರುವುದರಿಂದ ಸರದಿಯಲ್ಲಿ ಎಲ್ಲವೂ ಅಂಚಿಗೆ ಬಂದು ಎಲ್ಲವೂ ಕೆಡುತ್ತವೆ. ಆಸೆಗೆ ಜಾಸ್ತಿ ಇಡಬಾರದು ಅನ್ನುವುದು ಅದಕ್ಕೆ. ಅತ್ತೆಗೆ ಬೆಸ ಸಂಖ್ಯೆಯೇ ಆಗಬೇಕು. ಹನ್ನೊಂದು ಇಟ್ಟೆವು. ಎಲ್ಲಕ್ಕೂ ಪೆನ್ಸಿಲಿನಲ್ಲಿ ಗೀಟು ಎಳೆದೆ. ಬೇರೆ ಹೇಂಟೆ ಬಂದು ಅದೇ ಗೂಡಲ್ಲಿ ಮೊಟ್ಟೆ ಇಟ್ಟರೆ ಗೀಟಿಲ್ಲದ್ದನ್ನು ತೆಗೆದುಬಿಡಬಹುದು. ಎಲ್ಲ ಮೊಟ್ಟೆಗೂ ಒಂದೇ ದಿನ ಕಾವು ಶುರುವಾಗಬೇಕು, ಇಲ್ಲದಿದ್ದರೆ ಮೊದಲ ಮರಿಗಳು ಹೊರಟಾಗ ತಾಯಿ ಅವುಗಳ ಹಿಂದೆ ಹೋಗಿ ಉಳಿದವು ಅಲ್ಲೇ ಸಾಯುತ್ತವೆ.

ಗೂಡಿಗೆ ಹಳೆ ಬಿದಿರಿನ ಹೆಡಗೆ. ಅಡಿಗೆ ಒಣ ಹೊಯಿಗೆ, ಅದರ ಮೇಲೆ ಜರಡಿ ಹಿಡಿದ ಒಲೆ ಬೂದಿ, ಆಮೇಲೆ ಒಂದು ಹಿಡಿ ಲಕ್ಕಿ ಸೊಪ್ಪು, ಮೇಲೆ ಮೆತ್ತಗೆ ಮಾಡಿದ ಬತ್ತದ ಹುಲ್ಲು. ನಡುವೆ ಸ್ವಲ್ಪ ತಗ್ಗು ಮಾಡಿದರೆ ಮೊಟ್ಟೆ ಉರುಳಿ ಚದುರುವುದಿಲ್ಲ. ಬೂದಿ, ಲಕ್ಕಿ ಸೊಪ್ಪು ಹೇನಿಗೆ. ಕಾವಿಗೆ ಕೂತ ಕೋಳಿಗೆ ಹೇನಿನ ಕಾಟ ವಿಪರೀತ. ಮೂರು ವಾರ ಒಂದೇ ಕಡೆ ಕೂತಿರುವ ಜೀವ ಅದು, ಹೇನು ಹೆಚ್ಚಾದರೆ ಸಹಿಸಲಾರದೆ ಎದ್ದು ಹೋಗುತ್ತದೆ. ಕೂರಿಸುವ ಮುನ್ನ ರೆಕ್ಕೆಯಡಿಗೂ ಬಾಲದ ಬುಡಕ್ಕೂ ಬೂದಿ ತಿಕ್ಕಿದೆ.

ಹೆಡಗೆಯನ್ನು ಕೊಟ್ಟಿಗೆಯ ಮೂಲೆಯಲ್ಲಿ, ಗಾಳಿ ಆಡುವ ಆದರೆ ಎರಚಲು ಬೀಳದ ಕಡೆ ಇಟ್ಟೆವು. ಸುತ್ತ ಸಣ್ಣ ಕಣ್ಣಿನ ತಂತಿ ಜಾಳಿಗೆ. ಕೇರೆ ಹಾವು, ನಾಗರ, ಮುಂಗುಸಿ ಎಲ್ಲಕ್ಕೂ ಮೊಟ್ಟೆ ಅಂದರೆ ಪ್ರಾಣ. ಗಜನಿ ಬದಿಯ ನಮ್ಮ ಮನೆಗಳಲ್ಲಿ ಇದು ದಿನದ ಮಾತು. ಜಾಳಿಗೆಗೆ ಮಾತ್ರ ಉಳಿತಾಯ ನೋಡಬೇಡಿ.

ಹೇಂಟೆಯನ್ನು ಹೊಸ ಜಾಗಕ್ಕೆ ಒಯ್ಯುವುದು ರಾತ್ರಿ. ಹಗಲಲ್ಲಿ ಒಯ್ದರೆ ಹಳೆ ಜಾಗಕ್ಕೇ ಓಡುತ್ತದೆ. ಕತ್ತಲಾದ ಮೇಲೆ ಮೊದಲು ಮೊಟ್ಟೆ ಇಟ್ಟು, ಆಮೇಲೆ ಅದನ್ನು ಎರಡೂ ಕೈಯಲ್ಲಿ ತಬ್ಬಿ ತಂದು ಮೆಲ್ಲಗೆ ಬಿಟ್ಟೆ. ಕೊಕ್ಕಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ಹೊಟ್ಟೆಯಡಿಗೆ ಎಳೆದುಕೊಂಡು, ಎರಡು ಸಲ ಮೈ ಕುಲುಕಿ ಕೂತಿತು. ಅತ್ತೆ ಹುಲ್ಲಿನಡಿ ಹಳೆ ಕತ್ತಿಯ ಮುರಿದ ತುಂಡು, ಒಂದು ಇದ್ದಿಲು ಇಡಿಸಿದರು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಗುಡುಗಿನ ದಿನಗಳು ಅಂದರೆ ಸೆಕೆ, ತೇವ ಎರಡೂ ವಿಪರೀತ ಇರುವ ದಿನಗಳು. ದೊಡ್ಡ ಸದ್ದಿಗೆ ಹೇಂಟೆ ಬೆಚ್ಚಿ ಏಳುವುದೂ ಉಂಟು. ಮೊಟ್ಟೆ ಕೆಡುವುದು ಅದರಿಂದ ಅಂತ ನನ್ನ ಲೆಕ್ಕ. ಆದರೂ ಕಬ್ಬಿಣ ನಾನೇ ಇಟ್ಟೆ, ಮುಂದೆಯೂ ಇಡುತ್ತೇನೆ. ಅತ್ತೆಯ ಅತ್ತೆಯೂ ಇಡುತ್ತಿದ್ದರಂತೆ.

ಅಲ್ಲಿಂದ ಮುಂದೆ 21 ದಿನ. ಈ ದಿನಗಳಲ್ಲಿ ಮನುಷ್ಯರಿಗೆ ಕೆಲಸ ಬಹಳ ಕಡಿಮೆ. ಮೊಟ್ಟೆ ತಿರುಗಿಸುವುದು, ಶಾಖ ಹೆಚ್ಚು ಕಡಿಮೆ ಮಾಡುವುದು, ಎಲ್ಲ ಹೇಂಟೆಯೇ ನೋಡಿಕೊಳ್ಳುತ್ತದೆ. ಯಂತ್ರದಲ್ಲಾದರೆ 37.5 ಡಿಗ್ರಿ ಹಿಡಿಯಲು ಥರ್ಮಾಮೀಟರ್ ನೋಡುತ್ತಾ ಕೂರಬೇಕು, ಕರೆಂಟ್ ಹೋದರೆ ಓಡಾಡಬೇಕು. ನಮ್ಮ ಕಡೆ ಗಾಳಿ ಮಳೆ ಬಂದರೆ ಕರೆಂಟಿನ ಕಥೆ ಗೊತ್ತಲ್ವಾ? ನೂರಾರು ಮರಿ ಬೇಕಾದವರು ಯಂತ್ರ ಇಟ್ಟುಕೊಳ್ಳಲಿ. ಮನೆಮಟ್ಟಿಗೆ ಕೋಳಿಗಿಂತ ಒಳ್ಳೆಯ ಯಂತ್ರ ಇಲ್ಲ.

ದಿನಕ್ಕೊಮ್ಮೆ ಅದು ಎದ್ದು ಬರಬೇಕು, ಅಷ್ಟನ್ನು ನೋಡಬೇಕು. ಹದಿನೈದು ಇಪ್ಪತ್ತು ನಿಮಿಷ ಸಾಕು. ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಾಡಿ, ಹಿಕ್ಕೆ ಹಾಕಿ ಹೋಗುತ್ತದೆ. ಇಡೀ ದಿನದ ಹಿಕ್ಕೆ ಒಂದೇ ಸಲ, ದೊಡ್ಡ ಮುದ್ದೆ, ನಾತ ತಡೆಯಲಾಗದು. ಅದು ಸಹಜ, ಗಾಬರಿ ಬೇಡ. ಈ ಹೊತ್ತಿಗೆ ಬತ್ತ, ಒಡೆದ ಜೋಳದಂಥ ಗಟ್ಟಿ ಕಾಳು ಒಳ್ಳೆಯದು. ಕೆಲವು ಹೇಂಟೆ ಹಟ ಹಿಡಿದು ಏಳುವುದೇ ಇಲ್ಲ, ಉಪವಾಸ ಕೂತು ಸೊರಗುತ್ತವೆ. ಅಂಥದ್ದನ್ನು ನಾವೇ ಎತ್ತಿ ಹೊರಗೆ ಬಿಡಬೇಕು. ಎತ್ತುವ ಮೊದಲು ರೆಕ್ಕೆಯಡಿ ಕೈ ಹಾಕಿ ನೋಡಿ. ಅಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ, ಸುಮ್ನೆ ಎತ್ತಿದರೆ ಬಿದ್ದು ಒಡೆಯುತ್ತದೆ.

ಏಳನೇ ದಿನ ರಾತ್ರಿ ಮೊಟ್ಟೆ ಬೆಳಕಿಗೆ ಹಿಡಿದು ನೋಡಿದೆವು. ಇದು ನನಗೂ ಮಗಳಿಗೂ ಬಹಳ ಇಷ್ಟದ ಕೆಲಸ. ರಟ್ಟಿಗೆ ಮೊಟ್ಟೆಗಿಂತ ಸಣ್ಣ ತೂತು ಕೊರೆದು, ಕೆಳಗಿಂದ ಮೊಬೈಲ್ ಟಾರ್ಚ್ ಹಿಡಿದು, ಮೊಟ್ಟೆಯ ದಪ್ಪ ತುದಿಯನ್ನು ತೂತಿನ ಮೇಲೆ ಇಟ್ಟರಾಯಿತು. ಮಗಳು ದೀಪ ಆರಿಸಿದಳು. ಮೊಟ್ಟೆ ಒಳಗಿಂದಲೇ ಕೆಂಪಗೆ ಹೊತ್ತಿಕೊಂಡ ಹಾಗೆ ಕಂಡಿತು. ದಪ್ಪ ತುದಿಯಲ್ಲಿ ಗಾಳಿ ಇರುವ ಜಾಗ ಬೆಳ್ಳಗೆ, ಅದರ ಕೆಳಗೆ ಸಣ್ಣ ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಕವಲೊಡೆದು ಹರಡಿದ ಕೆಂಪು ನರಗಳು. ಉಸಿರು ಹಿಡಿದು ನೋಡುತ್ತಿದ್ದರೆ ಚುಕ್ಕೆ ಮಿಸುಕಿತು. “ಅಮ್ಮಾ, ಹಂದಾಡ್ತು!” ಅಂದಳು ಮಗಳು. ಒಂದೊಂದಾಗಿ ನೋಡುತ್ತಾ ಹೋದೆವು. ಎರಡು ಮೊಟ್ಟೆ ಮಾತ್ರ ಏನೂ ಇಲ್ಲದೆ ಖಾಲಿ ಹಳದಿ. ಹುಂಜ ಮುಟ್ಟದ ಮೊಟ್ಟೆ. ನರ ಹರಡುವ ಬದಲು ಒಂದೇ ಕೆಂಪು ಉಂಗುರ ಕಂಡರೆ ಶುರುವಾಗಿ ಸತ್ತದ್ದು ಅಂತ ಅರ್ಥ. ಅಂಥದ್ದು ಈ ಸಲ ಇರಲಿಲ್ಲ. ಖಾಲಿ ಎರಡನ್ನು ಬೇಯಿಸಿ ನಾಯಿಗೆ ಹಾಕಿದೆ.

“ಹುಂಜಕ್ಕೆ ಪ್ರಾಯ ಆಯ್ತು” ಅಂದರು ಅತ್ತೆ. ನನಗೂ ಹಾಗೇ ಅನಿಸಿತ್ತು.

ಹದಿನಾಲ್ಕನೇ ದಿನ ಇನ್ನೊಮ್ಮೆ ನೋಡಿದೆವು. ಆ ಹೊತ್ತಿಗೆ ಗಾಳಿಯ ಜಾಗ ಬಿಟ್ಟು ಉಳಿದದ್ದೆಲ್ಲಾ ಕಪ್ಪು. ಹಾಳಾದ ಮೊಟ್ಟೆ ಗೂಡಿನಲ್ಲೇ ಉಳಿದರೆ ಕೊಳೆತು ಒಡೆದು ಒಳ್ಳೆಯ ಮೊಟ್ಟೆಗೂ ಹೊಲಸು ಹತ್ತಿಸುತ್ತದೆ, ಅದಕ್ಕೇ ಈ ಎರಡನೇ ಪರೀಕ್ಷೆ. ಹದಿನೆಂಟನೇ ದಿನದ ಮೇಲೆ ಕೈ ಹಾಕಬಾರದು. ಮರಿ ಒಳಗೆ ತಲೆಯನ್ನು ಗಾಳಿಯ ಜಾಗದ ಕಡೆ ತಿರುಗಿಸಿ ಸಿದ್ಧವಾಗುವ ಹೊತ್ತು ಅದು. ಕೆಲವರು ಈ ದಿನಗಳಲ್ಲಿ ಮೊಟ್ಟೆಯನ್ನು ಬೆಚ್ಚಗಿನ ನೀರಿಗೆ ಬಿಟ್ಟು, ಅಲ್ಲಾಡಿದರೆ ಜೀವ ಇದೆ ಅಂತ ನೋಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸಣ್ಣ ಬಿರುಕು ಬಿಟ್ಟಿದ್ದರೂ ನೀರು ಒಳಗೆ ಹೋಗಿ ಮರಿ ಸಾಯುತ್ತದೆ. ಮೊಟ್ಟೆ ಒದ್ದೆಯಾಗಲಿ ಅಂತ ನೀರು ಚಿಮುಕಿಸುವ ರೂಢಿ ಒಣ ಸೀಮೆಯವರಿಗೆ ಸರಿ. ಸಮುದ್ರದ ಬದಿಯ ಗಾಳಿಯಲ್ಲೇ ಬೇಕಾದಷ್ಟು ತೇವ ಇದೆ.

ಇಪ್ಪತ್ತನೇ ದಿನ ಸಂಜೆ ಗೂಡಿನ ಹತ್ತಿರ ಕಿವಿ ಕೊಟ್ಟರೆ ಒಳಗಿಂದ ಸಣ್ಣಗೆ ‘ಚಿಂವ್’ ಕೇಳಿತು. ಸಿಪ್ಪೆ ಇನ್ನೂ ಒಡೆದಿರಲಿಲ್ಲ. ಮರಿ ಮೊದಲು ಒಳಪೊರೆ ಹರಿದು ಗಾಳಿಯ ಜಾಗಕ್ಕೆ ಕೊಕ್ಕು ಹಾಕಿ ಉಸಿರಾಡಲು ಶುರು ಮಾಡುತ್ತದೆ, ಕೂಗುವುದು ಆಗಲೇ. ಹೇಂಟೆಯ ದನಿ ಪೂರ್ತಿ ಬದಲಾಗಿತ್ತು. ಗುರುಗುಟ್ಟುವುದು ಬಿಟ್ಟು, ಹೊಟ್ಟೆಯೊಳಗಿಂದ ಎನ್ನುವಂತೆ ಮೆತ್ತಗೆ ಮಾತಾಡುತ್ತಿತ್ತು. ಒಳಗಿನ ಮರಿ ಕೂಗಿದರೆ ಇದು ಓಗೊಡುತ್ತದೆ.

ಮಾರನೇ ದಿನ ಬೆಳಿಗ್ಗೆ ಅದು ಸ್ವಲ್ಪ ಎದ್ದಾಗ ಒಂದು ಮೊಟ್ಟೆ ಕಾಣಿಸಿತು. ದಪ್ಪ ತುದಿಯ ಹತ್ತಿರ ಸಿಪ್ಪೆ ನಕ್ಷತ್ರದ ಹಾಗೆ ಬಿರಿದು, ನಡುವಿನ ತೂತಿನಲ್ಲಿ ಕೊಕ್ಕಿನ ತುದಿ ಆಡುತ್ತಿತ್ತು. ಕೊಕ್ಕಿನ ಮೇಲೆ ಒಂದು ಸಣ್ಣ ಬಿಳಿ ಮುಳ್ಳು ಇರುತ್ತದೆ, ಸಿಪ್ಪೆ ಒಡೆಯಲಿಕ್ಕೆ ಅಂತಲೇ ಇರುವುದು. ಕೆಲವು ದಿನಗಳಲ್ಲಿ ತಾನಾಗಿ ಉದುರಿ ಹೋಗುತ್ತದೆ. ಮರಿ ನಾಲ್ಕು ಸಲ ಕುಟ್ಟಿತು, ಸುಮ್ಮನಾಯಿತು. ಬಹಳ ಹೊತ್ತು ಏನೂ ಇಲ್ಲ. ಮಧ್ಯಾಹ್ನವಾದರೂ ತೂತು ಅಷ್ಟೇ ಇತ್ತು. ಮಗಳಿಗೆ ಅಳು ಬಂದಿತ್ತು. “ಸ್ವಲ್ಪ ಸಿಪ್ಪೆ ತೆಗೀಲಾ ಅಜ್ಜಿ?” ಅಂತ ಕೇಳಿದಳು. “ಮುಟ್ಟೂಕೆ ಹೋಗಬೇಡ ಮಗಾ. ಅದರ ಕಷ್ಟ ಅದ್ಕೇ ಬಿಡು” ಅಂದರು ಅತ್ತೆ.

ಅವರು ಹೇಳಿದ್ದು ಸರಿ. ಮರಿ ಸುಮ್ಮನಿರುವ ಆ ಹೊತ್ತಿನಲ್ಲಿ ಪೊರೆಯ ನರಗಳಲ್ಲಿನ ರಕ್ತ ಮೈಗೆ ಇಳಿಯುತ್ತಿರುತ್ತದೆ, ಉಳಿದ ಹಳದಿ ಲೋಳೆ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಅದು ಮುಗಿಯುವ ಮುನ್ನ ನಾವು ಸಿಪ್ಪೆ ಸುಲಿದರೆ ರಕ್ತ ಸುರಿದು ಸಾಯುತ್ತದೆ. ಮೊದಲ ತೂತಿನಿಂದ ಹೊರಗೆ ಬರುವ ತನಕ ಹನ್ನೆರಡರಿಂದ ಇಪ್ಪತ್ತನಾಲ್ಕು ತಾಸು ಹಿಡಿಯುವುದು ಸಾಮಾನ್ಯ. ಸಂಜೆ ಹೊತ್ತಿಗೆ ಮರಿ ಒಳಗೇ ತಿರುಗುತ್ತಾ ದಪ್ಪ ತುದಿಯ ಸುತ್ತ ಸಿಪ್ಪೆ ಕತ್ತರಿಸಿ, ಕಾಲು ಒದ್ದು ಟೊಪ್ಪಿ ತೆಗೆದ ಹಾಗೆ ತುದಿ ಹಾರಿಸಿ ಹೊರಬಿತ್ತು. ಒದ್ದೆ, ಸೊರಗಿದ, ಕುತ್ತಿಗೆ ಎತ್ತಲಾರದ ಜೀವ. ತಾಯಿಯ ಗರಿಯೊಳಗೆ ಹೋಯಿತು. ರಾತ್ರಿ ನೋಡಿದರೆ ರೆಕ್ಕೆಯ ಸಂದಿಯಿಂದ ಒಣಗಿದ, ಕಂದು ಪಟ್ಟೆಯ ಸಣ್ಣ ತಲೆ ಹೊರಗೆ ಇಣುಕಿತ್ತು.

ಉಳಿದವು ಮಾರನೇ ದಿನದೊಳಗೆ ಬಂದವು. ಒಂದು ಮೊಟ್ಟೆ ಮಾತ್ರ ಒಡೆಯಲೇ ಇಲ್ಲ. ಎಂಟು ಮರಿ. ಮೊದಲ ಎರಡು ದಿನ ಮರಿಗೆ ಮೇವು ಬೇಕಂತಿಲ್ಲ, ಹೊಟ್ಟೆಗೆ ಸೇರಿದ ಹಳದಿಯೇ ಸಾಕಾಗುತ್ತದೆ. ಮೊದಲು ಬಂದ ಮರಿ ಕಡೆಯದಕ್ಕೆ ಕಾಯಲು ಸಾಧ್ಯವಾಗುವುದು ಅದರಿಂದಲೇ. ನಾವು ಖಾಲಿ ಸಿಪ್ಪೆ ಮಾತ್ರ ತೆಗೆದೆವು.

ಮೂರನೇ ದಿನ ಹೇಂಟೆ ಮರಿ ಕರೆದುಕೊಂಡು ಅಂಗಳಕ್ಕೆ ಇಳಿಯಿತು. ನಾವು ಗಜನಿಯಲ್ಲಿ ಬೆಳೆಯುವ ಕಗ್ಗ ಅಕ್ಕಿಯ ನುಚ್ಚು ಹಾಕಿದೆವು. ಅದನ್ನು ತಾನು ತಿನ್ನದೆ, ಕೊಕ್ಕಿನಲ್ಲಿ ಎತ್ತಿ ಬಿಟ್ಟು, ಎತ್ತಿ ಬಿಟ್ಟು, ‘ತುಕು ತುಕು’ ಅಂತ ಕರೆದು ಮರಿಗಳಿಗೆ ತೋರಿಸಿತು. ನೀರಿನ ತಟ್ಟೆಗೆ ಸಣ್ಣ ಕಲ್ಲು ತುಂಬಿ ಇಡಬೇಕು, ಇಲ್ಲದಿದ್ದರೆ ಮರಿ ಬಿದ್ದು ಮುಳುಗುತ್ತದೆ. ಗದ್ದೆ ಏರಿಯಿಂದ ಒರಲೆ ಹುತ್ತದ ಒಂದು ತುಂಡು ತಂದು ಒಡೆದು ಹಾಕಿದರೆ ಮರಿಗಳಿಗೆ ಹಬ್ಬ. ನುಚ್ಚು ಒಂದರಿಂದಲೇ ಮರಿ ಬೆಳೆಯುವುದಿಲ್ಲ, ಹುಳ ಹುಪ್ಪಟೆ ಬೇಕು. ಕಟ್ಟಿ ಸಾಕುವವರು ಅಂಗಡಿಯ ಮರಿ ಮೇವು ಹಾಕಲೇಬೇಕು.

ನಮ್ಮ ಕಡೆ ಮರಿಗೆ ದೊಡ್ಡ ಶತ್ರು ಕಾಗೆ. ಮೀನು ಒಣಗಿಸುವ ಊರುಗಳಲ್ಲಿ ಕಾಗೆಗೆ ಬರ ಇಲ್ಲ. ಮೇಲಿಂದ ಹದ್ದು. ಹೇಂಟೆ ಒಂದು ಬೇರೆಯೇ ದನಿ ತೆಗೆದರೆ ಮರಿಗಳೆಲ್ಲಾ ಇದ್ದಲ್ಲೇ ಪೊದೆಗೆ ನುಗ್ಗಿ ಕಲ್ಲಾಗುತ್ತವೆ. ಆದರೂ ಹೇಂಟೆ ಒಂದು ಕಡೆ ಕಾಗೆ ಓಡಿಸುವಾಗ ಇನ್ನೊಂದು ಕಡೆಯಿಂದ ಇನ್ನೊಂದು ಬಂದು ಎತ್ತಿಕೊಂಡು ಹೋಗುತ್ತದೆ. ಹೊಳೆಗೆ ಹೋಗುವ ನೆರೆಮನೆಯವರ ಹತ್ತಿರ ಹರಿದ ಹಳೆ ಬಲೆ ಕೇಳಿ ತಂದು, ತೆಂಗಿನ ಮರಕ್ಕೂ ಕೊಟ್ಟಿಗೆಗೂ ಕಟ್ಟಿ ಅಂಗಳದ ಒಂದು ಭಾಗ ಮುಚ್ಚಿದೆವು. ಮರಿ ಸ್ವಲ್ಪ ದೊಡ್ಡದಾಗುವ ತನಕ ಅದರಡಿಯಲ್ಲೇ.

ಇನ್ನು ಲಸಿಕೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನಗೆ ಅದೇ ಬೇಸರ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಊರಿಗೆ ಊರೇ ಕೋಳಿ ಖಾಲಿಯಾಗುತ್ತದೆ, ಬಂದ ಮೇಲೆ ಮದ್ದಿಲ್ಲ. ಮರಿಗೆ ಒಂದು ವಾರ ಆಗುವಾಗ ಲಸೋಟ ಅಥವಾ ಎಫ್‌-1 ಲಸಿಕೆ ಕಣ್ಣಿಗೋ ಮೂಗಿಗೋ ಒಂದೊಂದು ಹನಿ ಬಿಟ್ಟರೆ ಆಯಿತು. ಎಂಟು ವಾರದ ಹೊತ್ತಿಗೆ ಅದೇ ರೋಗಕ್ಕೆ ಆರ್‌-ಟು-ಬಿ ಚುಚ್ಚುಮದ್ದು. ಕಷ್ಟ ಇರುವುದು ಬೇರೆ ಕಡೆ. ಸೀಸೆ ಬರುವುದೇ ನೂರು ಮರಿಗಾಗುವಷ್ಟು, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ದಾರಿಯುದ್ದ ತಂಪಾಗಿ ಇರಬೇಕು. ಅದಕ್ಕೆ ನಾವು ಕೇರಿಯವರೆಲ್ಲಾ ಒಂದೇ ಸಂಜೆ ಗೊತ್ತು ಮಾಡಿಕೊಂಡೆವು. ಮೀನು ಮಾರುವ ಅಕ್ಕನ ಹತ್ತಿರ ಐಸ್ ತೆಗೆದುಕೊಂಡು ಥರ್ಮಾಸಿಗೆ ತುಂಬಿ ಪಶು ಆಸ್ಪತ್ರೆಯಿಂದ ಸೀಸೆ ತಂದೆವು. ಬುಟ್ಟಿ ಬುಟ್ಟಿ ಮರಿ ನಮ್ಮ ಜಗಲಿಗೆ ಬಂದವು. ಅತ್ತೆ ಒಂದೊಂದೇ ಮರಿ ಹಿಡಿದು ಕೊಟ್ಟರು, ನಾನು ಹನಿ ಬಿಟ್ಟೆ.

ಒಂದು ಮಾತು ಹೇಳಲೇಬೇಕು. ಹೇಂಟೆ ಕಾವಿಗೆ ಕೂತರೆ ಮೊಟ್ಟೆ ನಿಲ್ಲುತ್ತದೆ ಅಂತ, ಕಾವು ಬಿಡಿಸಲು ಅದನ್ನು ನೀರಿನಲ್ಲಿ ಅದ್ದುವವರು, ಮೂಗಿಗೆ ಗರಿ ಚುಚ್ಚುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರಿ ಬೇಡದಿದ್ದರೆ ಹುಲ್ಲಿಲ್ಲದ, ಅಡಿಯಿಂದ ಗಾಳಿ ಆಡುವ ಪಂಜರದಲ್ಲಿ ಮೂರು ನಾಲ್ಕು ದಿನ ಮೇವು ನೀರು ಕೊಟ್ಟು ಇಡಿ, ಕಾವು ತಾನಾಗಿ ಬಿಡುತ್ತದೆ. ಊರ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಗಿಂತ ಜಾಸ್ತಿ ಇಡುವುದಿಲ್ಲ, ನಿಜ. ಆದರೆ ಮೊಟ್ಟೆಗೆ ಅಂತಲೇ ತಯಾರಾದ ಜಾತಿಗಳು ಕಾವಿಗೆ ಕೂರುವುದನ್ನೇ ಬಿಟ್ಟಿವೆ. ಗಿರಿರಾಜ ಸಾಕುವವರೂ ಮನೆಯಲ್ಲಿ ಮರಿ ಮಾಡಿಸಬೇಕಾದರೆ ಊರ ಹೇಂಟೆಯನ್ನೇ ಹುಡುಕಿಕೊಂಡು ಬರುತ್ತಾರೆ. ಚೆನ್ನಾಗಿ ಕೂತು ಮರಿ ಸಾಕುವ ಗುಣ ತಾಯಿಯಿಂದ ಮಗಳಿಗೆ ಬರುತ್ತದೆ. ಅಂಥ ಹೇಂಟೆಯನ್ನು ಸಾರಿಗೆ ಹಾಕದೆ, ಅದರ ಹೆಣ್ಣು ಮರಿಗಳನ್ನು ಉಳಿಸಿಕೊಳ್ಳಬೇಕು.

ಎರಡು ತಿಂಗಳಾಗುತ್ತಾ ಬಂದಾಗ ಕರಿ ಹೇಂಟೆ ಮರಿಗಳನ್ನು ಕುಕ್ಕಿ ದೂರ ಮಾಡಲು ಶುರು ಮಾಡಿತು. ಜುಟ್ಟು ಮತ್ತೆ ಕೆಂಪೇರಿತು, ಮೊಟ್ಟೆಗೆ ಬಂತು. ಒಂದು ಮರಿ ಕಾಗೆ ಪಾಲಾಗಿ ಏಳು ಉಳಿದಿದ್ದವು, ಅದರಲ್ಲಿ ನಾಲ್ಕು ಹೆಣ್ಣು. ಅವನ್ನು ಯಾರಿಗೂ ಕೊಡುವುದಿಲ್ಲ ಅಂತ ತೀರ್ಮಾನಿಸಿದ್ದೇವೆ. ಮೂರು ಹುಂಜದಲ್ಲಿ ಒಂದನ್ನು ಅಂಕೋಲೆಯ ನನ್ನ ತವರಿಗೆ ಕೊಟ್ಟು, ಅಲ್ಲಿಂದ ಕೆಂಪು ಹುಂಜ ಒಂದನ್ನು ತಂದೆ. ಅಪ್ಪ ಮಗಳ ಜೋಡಿಯಾದರೆ ಮರಿ ಸೊರಗುತ್ತವೆ, ಹುಟ್ಟುವುದೂ ಕಡಿಮೆ. ಹಳೆ ಹುಂಜಕ್ಕೆ ಪ್ರಾಯವಾಗಿತ್ತು, ಹೇಗೂ ಬದಲಿಸಬೇಕಿತ್ತು. ಹೊಸದು ಬಂದು ಹದಿನೈದು ದಿನ ಕಳೆಯುವ ತನಕ ಕಾವಿಗೆ ಮೊಟ್ಟೆ ಕೂಡಿಡಬೇಡ, ಅಷ್ಟು ದಿನ ಹೇಂಟೆಯೊಳಗೆ ಹಳೆಯದರ ಬೀಜವೇ ಇರುತ್ತದೆ ಅಂತ ಅತ್ತೆ ಹೇಳಿದ್ದಾರೆ. ಅಲ್ಲಿಯವರೆಗಿನ ಮೊಟ್ಟೆಯೆಲ್ಲಾ ಅಡುಗೆಗೆ.